ಪಾರ್ಟಿಷನ್ ತೆಗೆದದ್ದು

"ಅದರಲ್ಲಿ ಏನಾದ್ರೂ ಇತ್ತಾ?"

ಅಂಗಡಿಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಷಟರನ್ನು ಇನ್ನೂ ಪೂರ್ತಿ ಎತ್ತಿರಲಿಲ್ಲ. ಅದರ ಕೆಳಗಿನಿಂದ ಬಟವಾಡಿಯ ಬೆಳಗಿನ ಬಿಸಿಲು, ಹೈವೇ ಲಾರಿಗಳ ಧೂಳು, ಪಕ್ಕದ ಕ್ಲಿನಿಕ್ಕಿನಲ್ಲಿ ಟೋಕನ್ನಿಗೆ ನಿಂತವರ ಕಾಲುಗಳು, ಇಷ್ಟು ಮಾತ್ರ ಒಳಗೆ ಬರುತ್ತಿದ್ದವು. ಯಾರದೋ ಸಿಪಿಯು ಬಿಚ್ಚಿಟ್ಟುಕೊಂಡು ಬೆಂಚಿನ ಮುಂದೆ ಕೂತಿದ್ದ ಸೈಫುಲ್ಲಾ ತನ್ನ ದನಿಗೆ ತಾನೇ ಬೆಚ್ಚಿ, ಗಿರಾಕಿ ಬಂದನೇನೋ ಎಂಬಂತೆ ಬಾಗಿಲ ಕಡೆ ನೋಡಿದ. ಈಚೆಗೆ ಹೀಗೇ ಆಗುತ್ತಿತ್ತು. ಆ ಪ್ರಶ್ನೆ ಬಾಯಲ್ಲೇ ಇರುತ್ತಿತ್ತು, ಎಲೆ ಅಡಿಕೆ ಉಗಿದ ಮೇಲೂ ಹಲ್ಲಿನ ಸಂದಿಯಲ್ಲಿ ಉಳಿದ ಚೂರಿನ ಹಾಗೆ. ಮೌಸು ಕೊಳ್ಳಲು ಬಂದವರನ್ನೂ ಕೇಳಿಬಿಡುತ್ತಿದ್ದ. "ಮೌಸಲ್ಲೇನಿರ್ತದೆ ಭಾಯ್, ಇಲೀನಾ?" ಎಂದು ನಕ್ಕಿದ್ದರು. ಕೇಳಲೇಬೇಕಾಗಿದ್ದ ದಿನ ಕೇಳದೆ ಈಗ ಎಲ್ಲರನ್ನೂ ಕೇಳುತ್ತಿದ್ದಾನೆ. ನಮಾಜು ತಪ್ಪಿಸಿಕೊಂಡವನು ಆಮೇಲೆ ಕಜಾ ಓದಿ ತೀರಿಸುತ್ತಾನಲ್ಲ, ಹಾಗೆ. ಆದರೆ ತಪ್ಪಿದ ನಮಾಜಿಗೆ ಆ ದಾರಿಯೊಂದು ಇದೆ. ಕೇಳದೇ ಬಿಟ್ಟ ಮಾತಿಗೆ ಏನಿದೆ?

ಅವತ್ತು ಶುಕ್ರವಾರ. ಗುಬ್ಬಿಯ ಮಹಾಲಿಂಗಯ್ಯ ಸಿಪಿಯುವನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಜ್ವರ ಇಳಿಯದ ಮಗುವನ್ನು ಡಾಕ್ಟರ ಹತ್ತಿರ ತರುವಂತೆ ತಂದಿದ್ದರು. ಸರ್ವೆ ಇಲಾಖೆಯಲ್ಲಿ ಭೂಮಾಪಕರಾಗಿ ನಿವೃತ್ತರಾದವರು. ಉದ್ದನೆಯ ಒಣಗಿದ ಆಳು. ಜೇಬಿನಲ್ಲಿ ಈಗಲೂ ಕೆಂಪು ನೀಲಿ ಎರಡು ಪೆನ್ಸಿಲ್. "ಇ ಅನ್ನೋ ಡ್ರೈವು ಕಾಣ್ತದೆ ಸಾಬ್ರೆ, ಒಳೀಕೆ ಬುಡಲ್ಲ. ಒತ್ತಿದ್ರೆ ಫಾರ್ಮ್ಯಾಟ್ ಮಾಡ್ಲಾ ಮಾಡ್ಲಾ ಅಂತ ಕೇಳ್ತದೆ. ನಾನು ಬ್ಯಾಡ ಬ್ಯಾಡ ಅಂತಾನೇ ಒತ್ಕೊಂಡ್ ಬಂದಿವ್ನಿ," ಎಂದಿದ್ದರು. ಸೈಫುಲ್ಲಾ ಹಚ್ಚಿ ನೋಡಿದ. ಸಿ ಸರಿಯಾಗಿತ್ತು, ಇ ಇತ್ತು, ಇದ್ದೂ ಇರಲಿಲ್ಲ. ಲಿನಕ್ಸ್ ಸಿಡಿ ಹಾಕಿ ಮೌಂಟ್ ಮಾಡಿ ನೋಡಿದ. ಆಗಲಿಲ್ಲ. ಇನ್‌ಸ್ಟಿಟ್ಯೂಟಿನಲ್ಲಿ ಕಲಿಯುವಾಗ ಮೇಷ್ಟ್ರು ಮೌಂಟ್ ಎಂದರೇನೆಂದು ಕುಣಿಗಲ್ಲಿನ ಕುದುರೆ ಫಾರಮ್ಮಿನ ಉದಾಹರಣೆ ಕೊಟ್ಟು ಹೇಳಿದ್ದರು: ಕುದುರೆ ಲಾಯದಲ್ಲಿದ್ದರೆ ಸಾಲದಯ್ಯ, ಮೇಲೆ ಹತ್ತಿ ಕೂರೋಕೆ ಬಿಡಬೇಕು. ಈ ಕುದುರೆ ಬಿಡುತ್ತಿರಲಿಲ್ಲ. ಬಿಡಿಸುವ ಉಪಾಯ ಇರಬಹುದೆಂದು ಗೊತ್ತಿತ್ತು. ಡಿಸ್ಕನ್ನು ಬಿಚ್ಚಿ ತನ್ನ ಮಿಷನ್ನಿಗೆ ಸೇರಿಸಬೇಕು, ತಪ್ಪು ಹುಡುಕಿ ಸರಿಮಾಡುವ ಚೆಕ್ ಓಡಿಸಬೇಕು, ಸಂಜೆಯಾಗಬಹುದು, ನಾಳೆಯೂ ಆಗಬಹುದು. ಅಷ್ಟರಲ್ಲಿ ಜುಮ್ಮಾದ ಅಜಾನ್ ಕೂಗಿತು. ಹೋಗುವ ಮೊದಲು ಈ ಯಜಮಾನರನ್ನು ಕಳಿಸಿಬಿಟ್ಟರೆ ಸಾಕೆನ್ನಿಸಿತು. ದೇವರ ಕರೆಗೆ ಓಗೊಡುವ ಅವಸರ ಅದು ಎಂದು ಆ ಹೊತ್ತಿನಲ್ಲಿ ತನ್ನನ್ನು ತಾನೇ ನಂಬಿಸಿಕೊಂಡಿದ್ದ.

"ಯಜಮಾನ್ರೆ, ಇದ್ರಲ್ಲಿ ಎರಡು ಪಾರ್ಟಿಷನ್ ಇದಾವೆ. ಪಾರ್ಟಿಷನ್ ತೆಗೆದು ಒಂದೇ ಮಾಡ್ಬಿಡ್ಲಾ? ತಾಪತ್ರಯಾನೇ ಇರಲ್ಲ."

ಮಹಾಲಿಂಗಯ್ಯ ತಟಕ್ಕನೆ ತಲೆಯೆತ್ತಿ ನೋಡಿದ್ದರು. ಆಮೇಲೆ ಅವರ ಗಂಟಲಿನಿಂದ ಒಂದು ನಗೆ ಹೊರಟಿತ್ತು. "ಪಾರ್ಟಿಷನ್ ತೆಗೆದು ಒಂದ್ ಮಾಡೋರು ಈ ಜಿಲ್ಲೇಲಿ ನೀವೊಬ್ರೇ ನೋಡಿ ಸಾಬ್ರೆ! ನಾನು ನೌಕರಿ ಪೂರ್ತಿ ಮಾಡಿದ್ದು ಅಣ್ಣತಮ್ಮಂದ್ರು ಪಾರ್ಟಿಷನ್ನೇ. ನಮ್ಮನೇದ್ನೂ ಬುಡ್ಲಿಲ್ಲ, ಕಡಬದಲ್ಲಿ ನಮ್ಮ ತೋಟಕ್ಕೂ ನಾನೇ ಅಳತೆ ಚೈನು ಹಿಡಿದು ನಡೂಕೆ ಕಲ್ಲು ನೆಟ್ಟೋನು. ಒಂದ್ ಮಾಡ್ಬುಡಿ. ಪುಣ್ಯ ಬತ್ತದೆ."

ಅವರು ಹೊಲಮನೆಯ ಪಾರ್ಟಿಷನ್ನಿನ ಮಾತಾಡುತ್ತಿದ್ದಾರೆಂದು ಸೈಫುಲ್ಲಾನಿಗೆ ಹೊಳೆದಿತ್ತು. ಹೊಳೆಯಲಿಲ್ಲ ಎಂದು ಈಗ ಯಾರ ಮುಂದೆ ಬೇಕಾದರೂ ಹೇಳಬಹುದು, ಆದರೆ ಹೊಳೆದಿತ್ತು. ಹಳ್ಳಿಯ ಕಡೆಯ ಮುದುಕರು, ಪಾರ್ಟಿಷನ್ ಅಂದರೆ ಅವರಿಗೆ ತಾಲ್ಲೂಕು ಕಚೇರಿ, ತಿದ್ದಿ ಹೇಳಬೇಕಿತ್ತು. ಇದರೊಳಗಿರೋದೆಲ್ಲ ಅಳಿಸಿಹೋಗುತ್ತೆ, ಅದರಲ್ಲಿ ಏನಾದ್ರೂ ಇತ್ತಾ, ಎಂದು ಕೇಳಬೇಕಿತ್ತು. ಕಸುಬಿನ ಮೊದಲ ಮಾತೇ ಅದು. ಕೇಳಿದರೆ ಇತ್ತು ಎನ್ನುತ್ತಾರೆ, ಇತ್ತು ಎಂದರೆ ಜುಮ್ಮಾ ತಪ್ಪುತ್ತದೆ. ಅವನು ನಕ್ಕ. ಅವರ ನಗೆಗೆ ತನ್ನ ನಗೆ ಸೇರಿಸಿದ. ಸೆಟಪ್ಪಿನ ನೀಲಿ ಪರದೆಯಲ್ಲಿ, ಅಳಿಸು ಎಂಬುದಕ್ಕೆ, ಡಿ ಒತ್ತಿದ. ಖಂಡಿತವೇ ಎಂದು ಕೇಳಿತು, ಎಲ್ ಒತ್ತು ಎಂದಿತು. ಆ ಮಿಷನ್ನಿಗಾದರೂ ಎರಡು ಸಲ ಕೇಳುವ ಮರ್ಯಾದೆ ಇತ್ತು. ಎಲ್ ಒತ್ತಿದ.

ನಮಾಜು ಮುಗಿಸಿ ಬಂದು, ವಿಂಡೋಸ್ ಹೊಸದಾಗಿ ಹಾಕಿ ಸಿಪಿಯು ಕೊಡುವಾಗ ಮಹಾಲಿಂಗಯ್ಯ ಪಂಚೆಯ ಗಂಟು ಕಟ್ಟುತ್ತಾ, ಹವೆಯ ವಿಷಯ ಕೇಳುವಂತೆ ಕೇಳಿದ್ದರು: "ಅದ್ರಲ್ಲಿ ನಮ್ಮಣ್ಣನ ದನಿ ಇತ್ತು. ಶ್ರಾವಣದಾಗೆ ಅವನು ಕಾವ್ಯ ಓದೋದು, ನಾನು ಅರ್ಥ ಹೇಳೋದು. ಮೊಮ್ಮಗಳು ಹರ್ಷಿತಾ ಹಳೇ ಟೇಪಿಂದ ಇಳಿಸಿದ್ಲು. ಟೇಪುಗಳು ಬೂಷ್ಟು ಹಿಡ್ದು ಹೋದ್ವು. ಹೋಯ್ತೇನೋ ಅದು?" ಸೈಫುಲ್ಲಾನ ನಾಲಿಗೆ ಅವನಿಗಿಂತ ಮೊದಲೇ ಉತ್ತರ ಕೊಟ್ಟಿತ್ತು: "ಡಿಸ್ಕೇ ಕೆಟ್ಟಿತ್ತು ಯಜಮಾನ್ರೆ. ನೀವು ತರೋಕೆ ಮುಂಚೇನೇ ಹೋಗಿತ್ತು." ಇನ್ನೂ ನಮಾಜಿಗೆಂದು ಕೈಕಾಲು ತೊಳೆದ ವುಜೂವಿನ ನೀರು ಮೊಣಕೈಯಲ್ಲಿ ಒಣಗಿರಲಿಲ್ಲ. ಮಹಾಲಿಂಗಯ್ಯ ಅವನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿ, "ಹೋಗ್ಲಿ ಬುಡಿ, ನೀವಾದ್ರೂ ಏನ್ ಮಾಡೀರಿ," ಎಂದು ಭುಜ ತಟ್ಟಿ ಹೋದರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದ. ಆ ತಟ್ಟಿದ ಕೈ ಅಂಗಿಯ ಮೇಲೇ ಉಳಿದುಕೊಂಡಿತ್ತು.

ಅಮ್ಮಿ ಜಮಾಲುನ್ನೀಸಾಗೆ ಹೇಳಲು ಒಂದು ಸಲ ಬಾಯಿ ತೆರೆದಿದ್ದ. ಅವಳು ಅಕ್ಕಿ ಆರಿಸುತ್ತ ತನ್ನಷ್ಟಕ್ಕೆ ನಾತ್, ಪ್ರವಾದಿಯ ಸ್ತುತಿಪದ, ಗುನುಗುತ್ತಿದ್ದಳು. ಅವಳ ಅಪ್ಪ, ಸೈಫುಲ್ಲಾನ ನಾನಾ, ಗೂಳೂರಿನಿಂದ ಕೊರಟಗೆರೆಯವರೆಗೆ ಜನ ಮೀಲಾದ್ ಹಬ್ಬಕ್ಕೆ ಕರೆಸಿಕೊಳ್ಳುತ್ತಿದ್ದ ಓದುಗಾರ. ಸೈಫುಲ್ಲಾ ಬೆಳೆದದ್ದೇ ಆ ದನಿಯ ಕೆಳಗೆ, ಜಮಖಾನದ ಅಂಚಿನಲ್ಲಿ ಮಂಡಿಯ ಮೇಲೆ ಕೈಯಿಟ್ಟು ಕೂತು. ನಾನಾ ಹೇಳುತ್ತಿದ್ದುದು ಒಂದೇ ಮಾತು: ಓದುವವನು ಒಂದು ಅಕ್ಷರ ತಪ್ಪಿದರೆ ಅವನೊಬ್ಬನಿಗೆ ಪಾಪ, ಕೇಳುವವನು ಕಿವಿ ತಪ್ಪಿಸಿದರೆ ಓದಿದ್ದೆಲ್ಲ ಮಣ್ಣುಪಾಲು. ಕೇಳುವವನ ಹತ್ತಿರ ಅದು ಅಮಾನತ್. ಅಮ್ಮಿಯ ಬಾಯಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿ ಹೋದದ್ದು. ಕನ್ನಡ ಪೇಪರಿನಲ್ಲಿ ಅದೇ ಮಾತು ತಪ್ಪು ಮಾಡಿದ ನೌಕರನನ್ನು ಹೊರಗೆ ನಿಲ್ಲಿಸುವುದು. ಚಿಕ್ಕಂದಿನಲ್ಲಿ ಎರಡೂ ಬೇರೆ ಮಾತು ಎಂದುಕೊಂಡಿದ್ದ. "ಏನ್ ಬೇಟಾ?" ಎಂದಳು ಅಮ್ಮಿ. "ಏನಿಲ್ಲ, ಚಾ," ಎಂದಿದ್ದ.

ಹೋದ ವಾರ ಇನ್ನೊಂದು ಆಗಿತ್ತು, ಅದರಿಂದಲೇ ಈ ಪ್ರಶ್ನೆ ಬಾಯಿಂದ ತಾನಾಗಿ ಬೀಳತೊಡಗಿದ್ದು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿಡಿಯಲ್ಲಿ, ಅಳಿಸಿದ ಪಾರ್ಟಿಷನ್ ಹುಡುಕಿ ಕೊಡುವ ಸಣ್ಣ ಪ್ರೋಗ್ರಾಮು ಸಿಕ್ಕಿತು. ನಂಬಿಕೆಯಿಲ್ಲದೆ ತನ್ನದೇ ಒಂದು ಹಳೆಯ ಡಿಸ್ಕಿನ ಮೇಲೆ ಪ್ರಯೋಗ ಮಾಡಿದ. ಡಿ ಒತ್ತಿ ಎಲ್ ಒತ್ತಿ ಅಳಿಸಿದ್ದ ಭಾಗ ಪೂರ್ತಿಯಾಗಿ, ತಂಗಿ ಮೆಹನಾಜಳ ಮದುವೆಯ ಫೋಟೋಗಳ ಸಮೇತ, ಏನೂ ಆಗಿಲ್ಲವೆಂಬಂತೆ ಬಂದು ಕೂತಿತು. ಮೊದಲು ಖುಷಿಯಾಯಿತು. ಮರುಕ್ಷಣವೇ ಭಯವಾಯಿತು. ಅಂದರೆ ಗುಬ್ಬಿಯ ಆ ಡಿಸ್ಕಿನಲ್ಲಿ ದನಿ ಇನ್ನೂ ಇದೆ. ಹೊಸದೇನಾದರೂ ಅದರ ಮೇಲೆ ಬಂದು ಬೀಳುವ ತನಕ ಇರುತ್ತದೆ. ಆ ಮನೆಯಲ್ಲಿ ಯಾರಾದರೂ ಸಿನಿಮಾ ಹಾಕಿಕೊಂಡರೆ, ಫೋಟೋ ತುಂಬಿದರೆ, ಒಂದೊಂದು ಚೂರಾಗಿ ಮುಚ್ಚಿಹೋಗುತ್ತದೆ. ಅವತ್ತೇ ಬಸ್ಸು ಹತ್ತಬೇಕಿತ್ತು. ಹತ್ತಿದರೆ ಹೇಳಬೇಕು. ಹೇಳಿದರೆ, ಮುಂಚೇನೇ ಹೋಗಿತ್ತು ಎಂದದ್ದು ಸುಳ್ಳಾಗುತ್ತದೆ. ನಾಳೆ ಹೋದರಾಯಿತು ಎಂದುಕೊಂಡ. ಆ ನಾಳೆಗಳನ್ನು ಎಣಿಸುವುದನ್ನೂ ಬಿಟ್ಟಿದ್ದ.

ಷಟರಿನ ಕೆಳಗೆ ಎರಡು ಕಾಲುಗಳು ಬಂದು ನಿಂತವು. ಹೆಂಗಸಿನ ಕಾಲು, ಧೂಳು ಮೆತ್ತಿದ ಚಪ್ಪಲಿ. "ಅಣ್ಣಾ, ಸೈಫುಲ್ಲಾ ಅಂದ್ರೆ ನೀವೇನಾ?" ಎಂದು ದನಿ ಬಗ್ಗಿತು. ಷಟರನ್ನು ಎತ್ತಿದ. ನಲವತ್ತರ ಆಸುಪಾಸಿನ ಹೆಂಗಸು, ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತ ಒಳಗೆ ಬಂದು, ಹೇಳದೆ ಸ್ಟೂಲಿನ ಮೇಲೆ ಕೂತಳು.

"ನಾನು ಉಮಾಮಹೇಶ್ವರಿ ಅಂತ, ಕುಣಿಗಲ್ಲಿಂದ ಬಂದೆ. ಗುಬ್ಬಿ ಮಹಾಲಿಂಗಯ್ಯ ನಮ್ ಚಿಕ್ಕಪ್ಪ. ಅವ್ರ ಅಣ್ಣ ಶಿವರಾಮಯ್ಯ ಅಂತ ಇದ್ರಲ್ಲ ಕಡಬದಲ್ಲಿ, ಅವ್ರ ಮಗಳು. ಅಪ್ಪ ತೀರ್ಕೊಂಡು ವರ್ಷ ಆಗ್ತಾ ಬಂತು." ಬ್ಯಾಗಿನಿಂದ ಒಂದು ಹೊಸ ಸಿಡಿ ತೆಗೆದು, ಪ್ಲಾಸ್ಟಿಕ್ ಹಾಳೆಯೂ ಬಿಚ್ಚದ್ದನ್ನು, ಬೆಂಚಿನ ಮೇಲಿಟ್ಟಳು. "ಅಪ್ಪನ ದನಿ ಇದ್ರಾಗೆ ಹಾಕ್ಕೊಡಿ. ವರ್ಷದ ತಿಥಿಗೆ ಕಡಬದಲ್ಲಿ ಹಾಕ್ಬೇಕು. ಊರೋರೆಲ್ಲ ಕೇಳ್ತಾವ್ರೆ."

"ಅಕ್ಕಾ, ಅದು ನಿಮ್ಮ ಚಿಕ್ಕಪ್ಪನ ಮಿಷನ್ನಲ್ಲಿ…"

"ಅಯ್ಯೋ, ಅವ್ರ್ ಕೈಲಿ ಮಾತಾಡಕ್ಕಾಗುತ್ತಾ? ಪಾರ್ಟಿಷನ್ ಆದಾಗಿಂದ ಮಾತೇ ಇಲ್ಲ. ಅಪ್ಪನ ಹೆಣ ನೋಡಕ್ಕೆ ಬಂದೋರು ಬಾಗ್ಲಲ್ಲೇ ನಿಂತು ಹೋದ್ರು. ಹರ್ಷಿತಾನ ಕೇಳ್ದೆ, ಫೋನಲ್ಲಿ ಪಿಸಪಿಸಾ ಅಂದ್ಲು: ಅಜ್ಜ ರಿಪೇರಿಗೆ ಬಟವಾಡಿ ಸೈಫುಲ್ಲಾ ಹತ್ರ ಕೊಟ್ಟಿದ್ರು ಅಂತ. ಅಷ್ಟೇ ಸಾಕು ಅಂದ್ಕೊಂಡೆ. ಫೋಟೋ ಸ್ಟುಡಿಯೋದೋರು ಫೋಟೋ ಕೊಟ್ಟು ನೆಗೆಟಿವ್ ತಮ್ಮ ಹತ್ರಾನೇ ಇಟ್ಕೊಂಡಿರ್ತಾರಲ್ಲ, ಹಂಗೆ ನಿಮ್ಮ ಹತ್ರಾನೂ ಒಂದು ಇದ್ದೇ ಇರುತ್ತೆ. ಅಲ್ವಾ?"

ಸೈಫುಲ್ಲಾ ಆ ಸಿಡಿಯನ್ನೇ ನೋಡಿದ. ಬೆಳ್ಳಿಯ ಬೆನ್ನಿನಲ್ಲಿ ಟ್ಯೂಬ್‌ಲೈಟು ಬಿಲ್ಲಿನಂತೆ ಬಾಗಿತ್ತು. ಇಷ್ಟು ವರ್ಷದಲ್ಲಿ ಬಟವಾಡಿಯ ಯಾವ ಗಿರಾಕಿಯೂ ಅವನನ್ನು ಅಷ್ಟು ದೊಡ್ಡವನೆಂದು ತಿಳಿದಿರಲಿಲ್ಲ. ಜನರ ಮನೆಮನೆಯ ದನಿಗಳ ನೆಗೆಟಿವ್ ಇಟ್ಟುಕೊಂಡು ಕೂತವನು. ಇಲ್ಲ ಎನ್ನಬೇಕು. ನೆಗೆಟಿವ್ ಇಲ್ಲ, ಪಾಸಿಟಿವ್ ನಾನೇ ಅಳಿಸಿದೆ, ಎನ್ನಬೇಕು. ಎರಡು ಸಣ್ಣ ವಾಕ್ಯ.

"ನೋಡ್ತೀನಿ ಅಕ್ಕಾ. ಹುಡುಕ್ಬೇಕಾಗುತ್ತೆ."

"ಹುಡುಕಿ ಹುಡುಕಿ, ನಂದೇನ್ ಆತುರ ಇಲ್ಲ. ತಿಥಿ ಒಳಗೆ ಆದ್ರೆ ಆಯ್ತು." ಎದ್ದು ನಿಂತವಳು, ಬಾಗಿಲಲ್ಲಿ ತಿರುಗಿ, ಇಷ್ಟು ಹೊತ್ತಿನ ದಬಾಯಿಸುವ ದನಿ ಬಿಟ್ಟು ಹೇಳಿದಳು: "ಅಪ್ಪನ ಫೋಟೋಗಳು ಬೇಕಾದಷ್ಟಿವೆ ಅಣ್ಣಾ. ಫೋಟೋದಲ್ಲಿ ಅಪ್ಪ ಯಾವಾಗ್ಲೂ ಹೆದ್ರಿಕೊಂಡೋರ್ ತರ ಇರ್ತಾರೆ. ಹಾಡುವಾಗ್ಲೇ ಅವ್ರು ಅಪ್ಪ."

ಅವಳು ಹೋದ ಮೇಲೆ ಸಿಡಿ ಅಲ್ಲೇ ಇತ್ತು. ಪ್ಲಾಸ್ಟಿಕ್ಕಿನ ಮೇಲೂ ಬೆರಳಿನ ಗುರುತಾಗಬಾರದೆಂಬಂತೆ ಅಂಚು ಹಿಡಿದು ಡ್ರಾಯರಿಗೆ ಹಾಕಿದ, ಮತ್ತೆ ತೆಗೆದ, ಜೇಬಿಗೆ ಹಾಕಿಕೊಂಡ. ಷಟರು ಎಳೆದು ಬೀಗ ಹಾಕುವಾಗ ಪಕ್ಕದ ಜೆರಾಕ್ಸಿನ ಚಿಕ್ಕಮಾರಯ್ಯ, "ಏನ್ ಭಾಯ್, ಈಗ್ತಾನೆ ತೆಗೆದ್ರಿ, ಬೋಣಿ ಆಗೋಕ್ ಮುಂಚೆ ಬಂದ್ ಮಾಡ್ತೀರಾ?" ಎಂದ. "ಗುಬ್ಬಿಗೆ. ಒಂದು ಸರ್ವಿಸ್ ಇದೆ," ಎಂದ ಸೈಫುಲ್ಲಾ. ಅದೂ ಸುಳ್ಳೇ, ಆದರೆ ಸುಳ್ಳೆನ್ನಿಸಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದಾಗ ಆ ಯೋಚನೆ ಪೂರ್ತಿ ಆಕಾರ ಪಡೆಯಿತು: ಹೇಳಲೇಬೇಕೆಂದೇನಿದೆ? ಫ್ರೀ ಸರ್ವಿಸ್ ಯಜಮಾನ್ರೆ, ಡಿಸ್ಕ್ ಒಂದು ದಿನ ಒಯ್ದು ತಂದುಕೊಡ್ತೀನಿ, ಎಂದರೆ ಆಯಿತು. ದನಿ ಸಿಕ್ಕಿದರೆ ಸಿಡಿಗೆ ಹಾಕಿ ಇಬ್ಬರಿಗೂ ಕೊಟ್ಟು, ಅದೃಷ್ಟಕ್ಕೆ ಸಿಕ್ತು ನೋಡಿ ಎಂದರೆ, ಕಳ್ಳನೇ ಕದ್ದ ಒಡವೆಯನ್ನು ಹುಡುಕಿಕೊಟ್ಟು ಶಾಲು ಹೊದಿಸಿಕೊಂಡ ಹಾಗೆ. ಹೆಗ್ಗೆರೆ ದಾಟಿತು. ರಾಗಿ ಹೊಲಗಳು, ತೆಂಗು, ಮತ್ತೆ ತೆಂಗು. ಎರಡು ತೋಟಗಳ ನಡುವೆ ಕತ್ತಾಳೆಯ ಬೇಲಿ ಬಂದಾಗಲೆಲ್ಲ, ಇದಕ್ಕೆ ಚೈನು ಹಿಡಿದವರೂ ಮಹಾಲಿಂಗಯ್ಯನೇ ಇರಬಹುದು ಅನ್ನಿಸಿ ಕಣ್ಣು ಬೇರೆ ಕಡೆ ತಿರುಗಿಸಿದ. ಮುಂದಿನ ಸೀಟಿನ ಮಗು ತಿರುಗಿ ಅವನನ್ನೇ ದಿಟ್ಟಿಸುತ್ತಿತ್ತು. ನಾನಾ ಕೊನೆಯ ದಿನಗಳಲ್ಲಿ ಹೀಗೇ ದಿಟ್ಟಿಸುತ್ತಿದ್ದರು, ಗಂಟಲು ಹೋದ ಮೇಲೆ. ಓದಲಾಗದು, ತುಟಿ ಆಡುತ್ತಿತ್ತು. ಅಮ್ಮಿ ತುಟಿಯ ಆಟ ನೋಡಿಯೇ ಯಾವ ಸಾಲೆಂದು ಹೇಳುತ್ತಿದ್ದಳು. ಸೈಫುಲ್ಲಾನಿಗೆ ಆಗ ಟ್ಯೂಷನ್ನಿನ ಆತುರ. ಅವನಿಗೆ ಯಾವಾಗಲೂ ಎಲ್ಲಿಗೋ ಆತುರ, ಆ ಆತುರಕ್ಕೆ ಯಾವಾಗಲೂ ಒಂದು ಒಳ್ಳೆಯ ಹೆಸರು.

ಗುಬ್ಬಿಯಲ್ಲಿ ಇಳಿದು, ಸ್ಟೇಷನ್ ರಸ್ತೆಯಲ್ಲಿ ಕೇಳಿಕೊಂಡು ಮನೆ ಹುಡುಕಿದ. ಬೀದಿಗೆ ತಿರುಗಿದ್ದೇ ಕಾಲು ನಿಂತುಬಿಟ್ಟಿತು. ಹಾಡು ಕೇಳಿಸುತ್ತಿತ್ತು. ರೇಡಿಯೋದಲ್ಲ, ರಾಗಕ್ಕಿಂತ ಮಾತು ಮುಂದಿದ್ದ, ಒಂದೊಂದು ಪದವನ್ನೂ ತೂಗಿ ಕೆಳಗಿಡುವ ಓದು. ಪದ್ಯ ಮುಗಿಯಿತು, ಉಸಿರಿನಷ್ಟು ಸುಮ್ಮನಾಯಿತು, ಆಮೇಲೆ ಅರ್ಥ ಹೇಳುವ ದನಿ. ಇತ್ತು! ಹಾಗಾದರೆ ಇತ್ತು. ಎಲ್ಲೋ ಇನ್ನೊಂದು ಕಾಪಿ, ಯಾವುದೋ ಟೇಪು, ಹರ್ಷಿತಾಳ ಯಾವುದೋ ಸಿಡಿ. ಅಲ್ಲಾಹ್ ಇಷ್ಟು ಸುಲಭವಾಗಿ ಬಿಡಿಸಿದನೇ ಎಂದು ಅವನ ಕಣ್ಣು ತುಂಬಿತು. ಗೇಟು ತಳ್ಳಿ ಒಳಗೆ ಹೋದ. ನಡುಮನೆಯಲ್ಲಿ ಮಹಾಲಿಂಗಯ್ಯ ಕಂಪ್ಯೂಟರಿನ ಮುಂದೆ ಪದ್ಮಾಸನ ಹಾಕಿದವರಂತೆ ನೆಟ್ಟಗೆ ಕೂತು, ಕೈಯಲ್ಲಿ ಹತ್ತು ರೂಪಾಯಿಯ ಪೆನ್ನಿನಷ್ಟು ಸಣ್ಣ ಮೈಕು ಹಿಡಿದು, ತಾವೇ ಹಾಡುತ್ತಿದ್ದರು. ಪದ್ಯ ಮುಗಿದಾಗ ತಾವೇ ಸ್ವಲ್ಪ ಬಲಕ್ಕೆ ವಾಲಿ, ಬೇರೆಯವರಾದಂತೆ, ಅರ್ಥ ಹೇಳುತ್ತಿದ್ದರು. ಪರದೆಯ ಮೇಲೆ ಹಸಿರು ಗೆರೆ ಅವರ ಉಸಿರಿಗೆ ತಕ್ಕಂತೆ ಕುಣಿಯುತ್ತಿತ್ತು. ರೆಕಾರ್ಡಾಗುತ್ತಿತ್ತು.

"ಓಹೋ, ಸಾಬ್ರು! ಬನ್ನಿ ಬನ್ನಿ." ಮೈಕು ಕೆಳಗಿಟ್ಟರು, ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತರು. "ನೋಡಿದ್ರಾ, ನೀವು ಜಾಗ ಮಾಡ್ಕೊಟ್ರಿ, ನಾನು ತುಂಬ್ತಾ ಇವ್ನಿ. ದಿನಾ ಸ್ನಾನ ಮಾಡಿ ಕೂತ್ಕಂಬುಡ್ತೀನಿ. ನನ್ ದನಿ ಕೇಳಿ ಬೀದಿ ನಾಯಿ ಓಡೋಗ್ತವೆ ಅಂತಾಳೆ ಸೊಸೆ. ಓಡ್ಲಿ. ಹಾಡೋಕೆ ಬರದೋರು ಅರ್ಥ ಹೇಳ್ತಾರೆ ಅಂತ ನಮ್ಮಣ್ಣ ಆಡ್ಕೊತಿದ್ದ. ಈಗ ಎರಡೂ ನಾನೇ." ಅವರು ಮಾತಾಡಿದಷ್ಟೂ ಹಸಿರು ಗೆರೆ ಕುಣಿಯುತ್ತಲೇ ಇತ್ತು. ಒಂದೊಂದು ಕುಣಿತಕ್ಕೂ ಆ ಡಿಸ್ಕಿನ ತಟ್ಟೆಯ ಮೇಲೆ ಎಲ್ಲೋ ಒಂದು ಕೂದಲೆಳೆಯಷ್ಟು ಜಾಗದಲ್ಲಿ, ಸತ್ತವನ ದನಿಯ ಮೇಲೆ ಬದುಕಿದವನ ದನಿ ಹತ್ತಿ ಕೂರುತ್ತಿರಬಹುದು. ಹಾಡು ಮಾತ್ರವಲ್ಲ, ಸೊಸೆಯ ವಿಷಯ, ನಾಯಿಯ ವಿಷಯ, ಬನ್ನಿ ಬನ್ನಿ ಎಂದದ್ದು.

"ನಿಲ್ಸಿ ಯಜಮಾನ್ರೆ," ಎಂದ ಸೈಫುಲ್ಲಾ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಫ್ರೀ ಸರ್ವಿಸ್ ಎಲ್ಲಿ ಹೋಯಿತೋ. ತಾನೇ ಬಗ್ಗಿ ಮೌಸು ಹಿಡಿದು ಒತ್ತಿದ. ಗೆರೆ ನೆಟ್ಟಗಾಯಿತು. "ಇದರ ಮೇಲೆ ಇನ್ನೇನೂ ರೆಕಾರ್ಡ್ ಮಾಡ್ಬೇಡಿ. ನಿಮ್ಮಣ್ಣನ ದನಿ ಇನ್ನೂ ಇದ್ರಲ್ಲಿ ಇರಬಹುದು. ಡಿಸ್ಕ್ ಕೆಟ್ಟಿರ್ಲಿಲ್ಲ. ನಾನೇ ಅಳಿಸಿದ್ದು. ನೀವು ತಂದಾಗ ಇತ್ತು. ನಂಗೆ ನಮಾಜಿಗೆ ಹೊತ್ತಾಗಿತ್ತು. ಪಾರ್ಟಿಷನ್ ಅಂದಿದ್ದನ್ನ ನೀವು ಬೇರೆ ಥರ ತಿಳ್ಕೊಂಡ್ರಿ ಅಂತ ಗೊತ್ತಿದ್ದೂ ಸುಮ್ನಿದ್ದೆ."

ಮಹಾಲಿಂಗಯ್ಯ ಮೈಕಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ತಕರಾರು ಕೇಳಿ ಕೇಳಿ ರೂಢಿಯಾದ ಸರ್ವೆಯವರ ಮುಖ. "ಅಳಿಸಿದ್ದು ಹೆಂಗಿರ್ತದೆ?" ಎಂದರು.

ಸೈಫುಲ್ಲಾ ಹೇಗೆ ಹೇಳುವುದೆಂದು ತಡಕಾಡಿ, ಅವರ ಭಾಷೆಯನ್ನೇ ಹಿಡಿದ. "ನಾನು ಕಿತ್ತಿದ್ದು ಬರೀ ಗಡಿಕಲ್ಲು. ಒಳಗಿನ ಹೊಲ ಹಂಗೇ ಇರುತ್ತೆ. ಕಂಪ್ಯೂಟರಿಗೆ ಕಲ್ಲು ಕಾಣ್ಸಲ್ಲ, ಅದಕ್ಕೇ ಬೀಳು ಭೂಮಿ ಅಂದ್ಕೊಳ್ಳುತ್ತೆ."

"ನಾನು ಅದನ್ನ ಉಳ್ತಾ ಇವ್ನಿ ಅನ್ನಿ."

"ಹೂಂ."

"ಎಷ್ಟು ಉತ್ತಿರ್ಬೋದು?"

"ಗೊತ್ತಿಲ್ಲ. ಮುಂದ್ಗಡೆ ಅಷ್ಟೇ ಆಗಿರ್ಬೋದು. ಈಗ್ಲೇ ಡಿಸ್ಕ್ ಬಿಚ್ಚಿ ಒಯ್ದ್ರೆ ಬಹಳಷ್ಟು ಸಿಗುತ್ತೆ. ನೀವು ಹೊಸದಾಗಿ ಹಾಡಿರೋದನ್ನೂ ಮೊದ್ಲೇ ಕಾಪಿ ಮಾಡಿ ಇಡ್ತೀನಿ, ಅದಕ್ಕೇನೂ ಆಗಲ್ಲ." ಬೈಗುಳಕ್ಕಾಗಿ ಕಾದ. ಬೈದುಬಿಡಲಿ. ಬೈದರೆ ಎಷ್ಟು ಹಗುರ.

ಮಹಾಲಿಂಗಯ್ಯ ನಕ್ಕರು, ಅವತ್ತು ಅಂಗಡಿಯಲ್ಲಿ ನಕ್ಕ ಹಾಗೇ. "ಏನ್ ಸಾಬ್ರೆ, ನಂಗೆ ತಿಳೀಲಿಲ್ಲ ಅಂದ್ಕೊಂಡ್ರಾ? ಹರ್ಷಿತಾ ಟೇಪು ಇಳಿಸುವಾಗ್ಲೇ ಪಾರ್ಟಿಷನ್ ಅಂದ್ರೆ ಏನು, ಸಿ ಏನು ಇ ಏನು, ಎಲ್ಲಾ ಹೇಳ್ಕೊಟ್ಟಿದ್ಲು. ತೆಗೆದ್ರೆ ಒಳಗಿದ್ದದ್ದೂ ಹೋಗ್ತದೆ ಅಂತಾನೂ ಹೇಳಿದ್ಲು. ನೀವು ಕೇಳಿದ್ರಿ, ಒಂದ್ ಮಾಡ್ಲಾ ಅಂತ. ಫಾರ್ಮ್ಯಾಟ್ ಮಾಡ್ಲಾ ಅಂತ ಆ ಮಿಷನ್ನು ಕೇಳಿದಾಗೆಲ್ಲ ಬ್ಯಾಡ ಅಂದೋನು, ನೀವು ಕೇಳಿದಾಗ ಹೂಂ ಅಂದೆ. ಇನ್ನೊಬ್ಬರ ಕೈಲಿ ಆಗೋಗ್ಲಿ ಅನ್ನಿಸ್ತು."

ಸೈಫುಲ್ಲಾ, ಒಮ್ಮೆಲೇ ತಾನು ಇಷ್ಟು ದಿನ ಹೊತ್ತುಕೊಂಡಿದ್ದ ಗಂಟು ತನ್ನದೇ ಅಲ್ಲವೆಂಬಂತಾಗಿ, ಕೈ ಖಾಲಿಯಾದ ಆಳಿನಂತೆ ನಿಂತ. ಹಗುರವಾಗಲಿಲ್ಲ. ಮುದುಕನಿಗೆ ತಿಳಿಯದು ಎಂದುಕೊಂಡ ತನ್ನ ಆ ನಗೆ ಇನ್ನೂ ಕುರೂಪವಾಗಿ ಕಂಡಿತು. ಅವರು ತಿಳಿದೇ ಹೂಂ ಎಂದಿದ್ದರೆ ಅವನ ತಪ್ಪು ಕಡಿಮೆಯಾಯಿತೇ? ಅವನು ಒತ್ತಿದ್ದು ಅವರು ತಿಳಿಯದವರು ಎಂದುಕೊಂಡೇ ಅಲ್ಲವೇ?

"ಆ ಟೇಪು ಕೇಳಿದ್ರೆ ನಿಮ್ಗೆ ಗೊತ್ತಾಗೋದು," ಎಂದರು ಮಹಾಲಿಂಗಯ್ಯ, ದನಿ ಇಳಿದಿತ್ತು. "ಕಡೇ ಶ್ರಾವಣ. ಬೆಳಿಗ್ಗೆ ತೋಟದಲ್ಲಿ ಕಲ್ಲು ನೆಟ್ಟಿದ್ದೆ. ಒಂದು ಹಳೇ ಹಲಸು, ಅಣ್ಣನ ಕಡೀಕೆ ಹೋಗ್ಬೇಕಾಗಿದ್ದದ್ದು. ಚೈನನ್ನ ಒಂದೆರಡು ಕೊಂಡಿ ಬಿಗಿಯಾಗಿ ಎಳ್ದೆ, ನನ್ ಕಡೀಕೆ ಬಂತು. ಅವ್ನು ನೋಡ್ದ. ಏನೂ ಅನ್ನಲಿಲ್ಲ. ಸಂಜೆ ದೇವಸ್ಥಾನದಲ್ಲಿ ಓದೋಕೆ ಕೂತ್ವು, ಊರೆಲ್ಲ ಐತೆ, ಟೇಪು ಓಡ್ತಾ ಐತೆ. ಅವ್ನು ಒಂದು ಪದ್ಯ ಓದಿ ನನ್ ಕಡೆ ನೋಡ್ದ, ಅರ್ಥ ಹೇಳ್ಲಿ ಅಂತ. ಅಣ್ಣ ತಮ್ಮಂಗೆ ರಾಜ್ಯ ಬಿಟ್ಟುಕೊಡೋ ಪದ್ಯ. ಬೇಕಂತ್ಲೇ ಆರ್ಸಿದ್ನೋ, ಸಾಲಾಗಿ ಬಂತೋ, ಇವತ್ತಿಗೂ ತಿಳೀದು. ನನ್ ಬಾಯಿ ಬರ್ಲಿಲ್ಲ. ಅವ್ನು ಮತ್ತೆ ಓದ್ದ. ಹೇಳ್ಲಿಲ್ಲ. ಜನ ಗುಸುಗುಸು ಅಂತಾರೆ, ಯಾರೋ ಕೆಮ್ತಾರೆ. ಮತ್ತೊಂದ್ಸಲ ಓದ್ದ, ಈ ಸಲ ದನಿ ನಡುಗ್ತು ಅವಂದು. ಜೀವಮಾನದಲ್ಲಿ ನಡುಗದ ದನಿ. ಹೇಳು ಮಾಲಿಂಗ ಅಂದ. ನಾನು ಎದ್ದೋದೆ. ಎದ್ದಿದ್ದು, ಚಾಪೆ ಸರಿದಿದ್ದು, ಮೆಟ್ಟು ಮೆಟ್ಕೊಂಡಿದ್ದು, ಎಲ್ಲಾ ಅದ್ರಲ್ಲಿ ಐತೆ. ಆ ಹುಡುಗಿ ಅದ್ನೂ ಬುಡ್ದೆ ಇಳಿಸಿದ್ಲು. ಒಂದಿನ ಒಬ್ನೇ ಕೂತು ಕೇಳ್ದೆ."

ಒಳಗಿನಿಂದ ಸೊಸೆ ಎರಡು ಲೋಟ ಕಾಫಿ ತಂದು ಇಟ್ಟು ಹೋದಳು. ಮಹಾಲಿಂಗಯ್ಯ ಅವನಿಗೊಂದು ಕುರ್ಚಿ ತೋರಿಸಿ, ಕೂತ ಮೇಲೆ ಒಂದನ್ನು ಅವನ ಕಡೆ ಸರಿಸಿದರು. ಕುಡಿಯಲಾಗಲಿಲ್ಲ. ಕೇಳುವವನು ಕಿವಿ ತಪ್ಪಿಸಬಾರದು ಎಂಬ ನಾನಾನ ಮಾತು ಸುಮ್ಮನೆ ಒಂದು ಮಾತಾಗಿ ತಲೆಯಲ್ಲಿ ಓಡಾಡಿತು. ಅವನ ಮಂಡಿಯ ಮೇಲೆ ಅವನ ಕೈಗಳು ಯಾವಾಗಲೋ ತಾವಾಗಿ ಬಂದು ಕೂತಿದ್ದವು. ಮರ್ಯಾದೆಯಾಗಿ ಎದ್ದು ಹೋಗಬಹುದಿತ್ತು ಈಗ. ಇಬ್ಬರ ತಪ್ಪೂ ಒಂದರ ಮೇಲೊಂದು ಕೂತು ಸರಿಹೋಗುತ್ತಿತ್ತು. ಆದರೆ ಜೇಬಿನಲ್ಲಿ ಆ ಹೆಂಗಸಿನ ಸಿಡಿ ಎದೆಗೆ ಒತ್ತುತ್ತಿತ್ತು. ಅವಳು ಯಾವ ತಪ್ಪಿನಲ್ಲೂ ಇರಲಿಲ್ಲ. ಸಿಡಿ ತೆಗೆದು ಕೀಬೋರ್ಡಿನ ಪಕ್ಕದಲ್ಲಿಟ್ಟ.

"ಉಮಾಮಹೇಶ್ವರಿ ಅಕ್ಕ ಬೆಳಿಗ್ಗೆ ಕುಣಿಗಲ್ಲಿಂದ ಬಂದಿದ್ರು. ತಿಥಿಗೆ ಅಪ್ಪನ ದನಿ ಬೇಕಂತೆ. ಹಾಡುವಾಗ್ಲೇ ಅವ್ರು ಅಪ್ಪ ಅಂದ್ರು."

ಮಹಾಲಿಂಗಯ್ಯ ಸಿಡಿಯನ್ನು ಮುಟ್ಟಲಿಲ್ಲ. ಅದರ ಬೆಳ್ಳಿಯಲ್ಲಿ ತಮ್ಮ ಮುಖ ಕಂಡಿತೇನೋ, ಸ್ವಲ್ಪ ಪಕ್ಕಕ್ಕೆ ಸರಿದರು. "ಅವಳು ಚಿಕ್ಕೋಳಾಗಿದ್ದಾಗ ನನ್ ತೊಡೆ ಮೇಲೆ ಮಲ್ಕೊಂಡೇ ಕೇಳೋಳು," ಎಂದರು. "ಅರ್ಥ ಮುಗಿಯೋ ಹೊತ್ಗೆ ನಿದ್ದೆ."

"ಕಡೇ ಟೇಪು ನಾನು ಕೇಳಲ್ಲ. ಅವರಿಗೂ ಕೊಡಲ್ಲ. ಅದೊಂದು ಬಿಟ್ಟು ಮಿಕ್ಕಿದ್ದು ಕೊಡ್ತೀನಿ. ಬೇಕಾದ್ರೆ ನೀವೇ ಪಕ್ಕದಲ್ಲಿ ಕೂತ್ಕೊಳ್ಳಿ, ನಿಮ್ಮ ಕಣ್ಣೆದುರೇ ಅದನ್ನ ತೆಗೀತೀನಿ."

"ನನ್ ಕಣ್ಣೆದ್ರಿಗೆ," ಎಂದರು ಮುದುಕರು. "ಅಳ್ಸೋಕೆ ಮತ್ತೆ ನಾನೇ ಹೂಂ ಅನ್ಬೇಕು."

ಹೊರಗೆ ರೈಲು ಗೇಟಿನ ಗಂಟೆ ಹೊಡೆಯಿತು. ಸೈಫುಲ್ಲಾ ತನ್ನೊಳಗೆ ಒಂದು ಸಣ್ಣ, ಕೊಳಕು ಆಸೆ ತಲೆಯೆತ್ತುವುದನ್ನು ಕಂಡ: ಇವರು ಇಲ್ಲ ಎಂದುಬಿಡಲಿ. ಇಲ್ಲ ಎಂದರೆ ಕುಣಿಗಲ್ಲಿನವಳಿಗೆ ಹೇಳಲು ಒಂದು ಮಾತು ಸಿಗುತ್ತದೆ. ನಿಮ್ಮ ಚಿಕ್ಕಪ್ಪ ಕೊಡಲಿಲ್ಲ ಅಕ್ಕಾ, ನಾನು ಕೇಳಿದೆ. ನಿಜವೇ ಆದ ಮಾತು, ಅದರ ಹಿಂದೆ ಎಲ್ ಒತ್ತಿದ ಬೆರಳು ಯಾರಿಗೂ ಕಾಣುವುದಿಲ್ಲ. ಆ ಆಸೆಯನ್ನು ಕಂಡದ್ದರಿಂದಲೇ, ಅದನ್ನು ಮೀರಲೆಂದು, ಅವನು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು, ಎರಡು ಕೈಯನ್ನೂ ಸಿಪಿಯುವಿನ ಮೇಲಿಟ್ಟ. ಒಳಗೆ ಫ್ಯಾನು ಗುಂಯ್ಗುಡುತ್ತ ಅಂಗೈಗೆ ಬಿಸಿ ತಾಗಿತು.

"ನಾನು ಅವತ್ತು ಕೇಳ್ಬೇಕಾದದ್ದು ಕೇಳ್ಲಿಲ್ಲ ಯಜಮಾನ್ರೆ. ಇವತ್ತು ಕೇಳ್ತೀನಿ. ನನಗೋಸ್ಕರ ಅಲ್ಲ, ಆಯಮ್ಮನಿಗೋಸ್ಕರ. ಡಿಸ್ಕ್ ಕೊಡಿ."

ಮಹಾಲಿಂಗಯ್ಯ ಎದ್ದರು. ಅವನ ಕೈಗಳನ್ನು, ಒಂದಾದ ಮೇಲೆ ಒಂದರಂತೆ, ಬಲವಂತವಿಲ್ಲದೆ, ಮಲಗಿದ ಮಗುವಿನ ಮೇಲಿಂದ ಎತ್ತುವಂತೆ ಸಿಪಿಯುವಿನ ಮೇಲಿಂದ ಎತ್ತಿ ಪಕ್ಕಕ್ಕಿಟ್ಟರು. ಕುರ್ಚಿ ಎಳೆದು ಕೂತು, ರೆಕಾರ್ಡಿಂಗ್ ಮತ್ತೆ ಒತ್ತಿ, ಮೈಕು ಕೈಗೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡರು.

"ಕೊಡಲ್ಲ," ಎಂದರು. "ಅವ್ಳೇ ಬಂದು ಕೇಳಿದ್ರೂ ಕೊಡಲ್ಲ."